ಹಿಮದ ಮೇಲೆ ಬೀಗರು

ಗಂಡಿನ ತಾಯಿಯೂ ಹೆಣ್ಣಿನ ತಂದೆಯೂ ಪರದೇಶದ ಒಂದೇ ಸೂರಿನ ಕೆಳಗೆ ಆರು ತಿಂಗಳ ವೀಸಾದ ಅವಧಿಯನ್ನು ಜೊತೆಯಾಗಿ ಕಳೆಯಬೇಕಾಗಿ ಬಂದಾಗ ಆ ಮನೆಯಲ್ಲಿ ಉದ್ಭವಿಸುವ ರಾಜಕೀಯ ಪರಿಸ್ಥಿತಿಯನ್ನು ನಮ್ಮ ನೀತಿಶಾಸ್ತ್ರಕಾರರಲ್ಲಿ ಯಾರೊಬ್ಬರೂ ವಿವೇಚಿಸಿದಂತೆ ತೋರುವುದಿಲ್ಲ. ಅಲ್ಲಿ ಕಲಹವಿರುವುದಿಲ್ಲ, ಇದ್ದಿದ್ದರೆ ಎಷ್ಟೋ ಮೇಲಾಗುತ್ತಿತ್ತು. ಇರುವುದು ಮರ್ಯಾದೆ. ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟದ ಮನೆಯಿಂದ ಬಂದ ನಮ್ಮ ಅಮ್ಮನೂ, ಲೋಕೋಪಯೋಗಿ ಇಲಾಖೆಯಲ್ಲಿ ಎಕ್ಸಿಕ್ಯುಟಿವ್ ಇಂಜಿನಿಯರ್ ಆಗಿ ನಿವೃತ್ತರಾದ ನಮ್ಮ ಮಾವನವರೂ ಸಿಯಾಟಲ್ ಬಳಿಯ ನಮ್ಮ ಮನೆಯಲ್ಲಿ ಆ ಚಳಿಗಾಲ ಪರಸ್ಪರ ತೋರಿಸಿದ ಮರ್ಯಾದೆ ಎಂಥದೆಂದರೆ, ಮೊದಲು ಯಾರು ಲೋಟ ಎತ್ತಬೇಕೆಂಬುದು ತೀರ್ಮಾನವಾಗದೆ ಬೆಳಗಿನ ಕಾಫಿ ಆರಿಹೋಗುತ್ತಿತ್ತು. ಟೀವಿಯ ರಿಮೋಟು ಇಬ್ಬರ ನಡುವೆ ಯಾರೂ ಮುಟ್ಟದ ನೈವೇದ್ಯವಾಗಿ ಬಿದ್ದಿರುತ್ತಿತ್ತು. ಎಲ್ಲಿಗಾದರೂ ಹೋಗೋಣವೇ ಎಂದು ಕೇಳಿದರೆ "ಬೀಗರು ಹೇಗೆ ಹೇಳುತ್ತಾರೋ ಹಾಗೆ" ಎಂದು ಒಂದು ಕಡೆಯಿಂದಲೂ, "ಅಮ್ಮನವರ ಚಿತ್ತ" ಎಂದು ಮತ್ತೊಂದು ಕಡೆಯಿಂದಲೂ ಉತ್ತರ. ನಾನು ನಿರ್ಣಯಿಸೋಣವೆಂದರೆ ಒಬ್ಬರಿಗೆ ಮಗ, ಇನ್ನೊಬ್ಬರಿಗೆ ಅಳಿಯ. ಮಗನ ಮಾತನ್ನು ತಾಯಿ ಕೇಳಬೇಕಾದ ಅಗತ್ಯವಿಲ್ಲ, ಅಳಿಯನ ಮಾತನ್ನು ಮಾವ ಮೀರುವಂತಿಲ್ಲ. ಕೇಳದವರಿಗೆ ಹೇಳುವುದು ವ್ಯರ್ಥ, ಮೀರಲಾರದವರಿಗೆ ಹೇಳುವುದು ಕ್ರೌರ್ಯ.

ಆದ್ದರಿಂದ ನನ್ನ ಹೆಂಡತಿಯು ಮೌಂಟ್ ರೇನಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ಸ್ನೋಷೂ ಎಂಬ ಹಿಮಪಾದುಕೆಯನ್ನು ಕಾಲಿಗೆ ಕಟ್ಟಿಸಿ, ರೇಂಜರೊಬ್ಬರು ಮುಂದೆ ನಿಂತು ಜನರನ್ನು ನಡೆಸಿಕೊಂಡು ಹೋಗುವ ವ್ಯವಸ್ಥೆಯುಂಟೆಂದು ತಿಳಿಸಿದಾಗ ನಾನು ಒಡನೆಯೇ ಒಪ್ಪಿದುದು ಹಿಮದ ಮೇಲಣ ಪ್ರೀತಿಯಿಂದಲ್ಲ. ಮದುವೆಯ ಮನೆಯಲ್ಲಿ ಎಂಥ ಜಿಲ್ಲಾಧಿಕಾರಿಯನ್ನೂ ಏಳಿ, ಕೂರಿ, ಬಲಗೈ ಮುಂದೆ ಚಾಚಿ ಎಂದು ಆಡಿಸಬಲ್ಲ ಪುರೋಹಿತರಂತೆ, ಈ ಬೀಗರಿಬ್ಬರಿಗೂ ಆಜ್ಞೆ ಮಾಡುವ ಅಧಿಕಾರವುಳ್ಳ ಮೂರನೆಯ ವ್ಯಕ್ತಿಯೊಬ್ಬರು ಕೊನೆಗೂ ದೊರೆತರಲ್ಲಾ ಎಂಬ ಸಮಾಧಾನದಿಂದ.

ದಾರಿಯ ವಿಷಯವಾಗಿ ಬಹಳ ಹೇಳುವಂತಹುದಿಲ್ಲ. ನವೆಂಬರ್ 1ರಿಂದ ಮೇ 1ರವರೆಗೆ ಆ ಉದ್ಯಾನದೊಳಕ್ಕೆ ಹೋಗುವ ಪ್ರತಿಯೊಂದು ಗಾಡಿಯೂ, ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿಯೂ ಸಹ, ಚಕ್ರಕ್ಕೆ ಸುತ್ತುವ ಸರಪಣಿಯನ್ನು ಒಯ್ಯಲೇಬೇಕೆಂಬುದು ಕಾನೂನು. ಮಾವನವರು ಹಿಂದಿನ ರಾತ್ರಿಯೇ ಆ ಸರಪಣಿಯನ್ನು ಹಜಾರದಲ್ಲಿ ಹಾಸಿ ಕೊಂಡಿ ಕೊಂಡಿಯಾಗಿ ತಪಾಸಣೆ ಮಾಡಿ ಮುಗಿಸಿದ್ದರು. ಲಾಂಗ್‌ಮೈರ್ ಎಂಬಲ್ಲಿ ರಾತ್ರಿ ಮುಚ್ಚುವ ಗೇಟನ್ನು, ಮೇಲಿನ ರಸ್ತೆಯ ಹಿಮವನ್ನು ಯಂತ್ರಗಳು ನೂಕಿದ ಬಳಿಕವೇ ತೆರೆಯುತ್ತಾರೆ. ಅಲ್ಲಿ ಸಾಲಿನಲ್ಲಿ ಕಾಯುತ್ತ ಕುಳಿತಿದ್ದ ಅವರು, "ನಮ್ಮ ಇಲಾಖೆ ಮಳೆಗಾಲ ಪೂರಾ ಮುಗಿದ ಮೇಲೆ ಗುಂಡಿ ಎಣಿಸಲು ಹೊರಡುತ್ತಿತ್ತು, ಇವರು ಬೀಳುತ್ತಿರುವಾಗಲೇ ತೆಗೆಯುತ್ತಾರಲ್ಲ, ಟೆಂಡರು ಕರೆಯುವುದು ಯಾವಾಗ?" ಎಂದು ಚಿಂತಾಕ್ರಾಂತರಾದರು.

5,400 ಅಡಿ ಎತ್ತರದ ಪ್ಯಾರಡೈಸ್ ಎಂಬ ಸ್ಥಳದಲ್ಲಿ ಜಾಕ್ಸನ್ ಸಂದರ್ಶಕ ಕೇಂದ್ರವಿದೆ. ಒಂದು ನಡಿಗೆಗೆ ಇಪ್ಪತ್ತೈದೇ ಮಂದಿ. ಎಂಟು ವರ್ಷಕ್ಕೆ ಕಡಿಮೆಯವರಿಗೆ ಪ್ರವೇಶವಿಲ್ಲ. ಹೆಸರನ್ನು ಖುದ್ದಾಗಿ ನಿಂತು ಬರೆಸಬೇಕು. ಪಾದುಕೆಯನ್ನು ಅವರೇ ಕೊಡುತ್ತಾರೆ, ಕಾಣಿಕೆಯನ್ನು ಡಬ್ಬಿಗೆ ಹಾಕಬೇಕು. ದಕ್ಷಿಣೆಯೂ ಇದೆಯೆಂದಾಗ ಅಮ್ಮನಿಗೆ ವಿಧಿಯ ಮೇಲೆ ನಂಬಿಕೆ ಹುಟ್ಟಿತು. ಹಸಿರು ಸಮವಸ್ತ್ರದ ರೇಂಜರಮ್ಮ ವಯಸ್ಸಿನಲ್ಲಿ ನನ್ನ ಸೋದರ ಸೊಸೆಯಷ್ಟಿದ್ದಾಳು. ಆದರೆ ಕಂಠದಲ್ಲಿ ಸಂಶಯದ ಲೇಶವೂ ಇರಲಿಲ್ಲ.

ಪಾದುಕೆಯೆಂದರೆ ಉದ್ದನೆಯ ಅಲ್ಯುಮಿನಿಯಂ ಚೌಕಟ್ಟು, ಅದಕ್ಕೆ ಬಿಗಿದ ದಪ್ಪ ಪ್ಲಾಸ್ಟಿಕ್ಕಿನ ಹಾಸು, ನಡುವೆ ಬೂಟನ್ನು ಬಿಗಿಯುವ ಪಟ್ಟಿಗಳು, ಅಡಿಯಲ್ಲಿ ಹಿಮವನ್ನು ಕಚ್ಚುವ ಉಕ್ಕಿನ ಹಲ್ಲುಗಳು. ಪಟ್ಟಿಯ ಕೊಕ್ಕೆ ಯಾವಾಗಲೂ ಕಾಲಿನ ಹೊರಮಗ್ಗುಲಿಗೆ ಬರಬೇಕು, ಇಲ್ಲವಾದರೆ ಒಂದು ಕಾಲಿನದು ಇನ್ನೊಂದನ್ನು ಹಿಡಿದುಕೊಳ್ಳುತ್ತದೆ. ಮಾವನವರಿಗೆ ಬಗ್ಗಲು ಸೊಂಟ ಒಪ್ಪದಿದ್ದುದರಿಂದ ನಾನು ಮಂಡಿಯೂರಿ ಅವರ ಪಟ್ಟಿ ಬಿಗಿಯಲು ಕೈಯಿಟ್ಟೆನಷ್ಟೆ, ಅವರು ಕೆಂಡ ತುಳಿದವರಂತೆ ಕಾಲು ಹಿಂದೆಗೆದರು. ಧಾರೆಯ ದಿನ ಯಾರ ಪಾದವನ್ನು ತಾವು ತೊಳೆದಿದ್ದರೋ ಆ ಅಳಿಯನೇ ಈಗ ಬೀಗಿತ್ತಿಯವರ ಸಮಕ್ಷಮದಲ್ಲಿ ತಮ್ಮ ಪಾದ ಹಿಡಿಯುವುದೇ! ಅತ್ತ ಅಮ್ಮ, ತೋಟದ ಕೆಲಸಕ್ಕೆ ಇಳಿಯುವಾಗಿನಂತೆ ಸೀರೆಯನ್ನು ಎತ್ತಿಕಟ್ಟಿ, ಸೊಸೆಯ ಹಿಮಷರಾಯಿಯನ್ನು ಒಳಗೆ ತೊಟ್ಟು, ಯಾರ ಸಹಾಯವೂ ಬೇಡವೆಂದು ಕುಳಿತಿದ್ದರು. ಅವರ ಎರಡೂ ಕೊಕ್ಕೆಗಳು ಒಳಮಗ್ಗುಲಿಗಿದ್ದವು. ರೇಂಜರಮ್ಮ ಬಂದವಳೇ ಅಮ್ಮನ ಪಾದುಕೆಗಳನ್ನು ಅದಲುಬದಲು ಮಾಡಿ, ಮಾವನವರ ಕಾಲನ್ನು ತನ್ನ ಮಂಡಿಯ ಮೇಲಿಟ್ಟು ಟಕ್ಕೆಂದು ಬಿಗಿದು, "ಎದ್ದು ನಿಲ್ಲಿ" ಎಂದಳು. ಇಬ್ಬರೂ ಏಕಕಾಲಕ್ಕೆ ಎದ್ದು ನಿಂತರು. ಅವರು ಯಾವುದಾದರೊಂದು ಕಾರ್ಯವನ್ನು ಏಕಕಾಲಕ್ಕೆ ಮಾಡಿದುದನ್ನು ನಾನು ನೋಡಿದ್ದು ಅದೇ ಪ್ರಥಮ.

ನಡಿಗೆ ಪ್ರಾರಂಭವಾಯಿತು. ಪಾದದ ವಿಸ್ತಾರ ಹೆಚ್ಚಿದಷ್ಟೂ ಭಾರ ಹರಡಿಹೋಗಿ ಮೆತ್ತನೆಯ ಹಿಮದಲ್ಲಿ ಕಾಲು ಹೂತುಹೋಗುವುದಿಲ್ಲವೆಂದು ರೇಂಜರಮ್ಮ ವಿವರಿಸಿದಾಗ ಮಾವನವರು, ಕಪ್ಪು ಮಣ್ಣಿನಲ್ಲಿ ಪಾಯ ಅಗಲ ಮಾಡುವ ತತ್ತ್ವವೇ ಇದು, ಎಂದು ತೃಪ್ತರಾದರು. ಆದರೆ 1971-72ರ ಚಳಿಗಾಲದಲ್ಲಿ ಇದೇ ಪ್ಯಾರಡೈಸಿನಲ್ಲಿ 1,122 ಅಂಗುಲ, ಎಂದರೆ 93 ಅಡಿಗೂ ಮಿಕ್ಕಿ, ಹಿಮ ಬಿದ್ದು ಅದು ಆ ಕಾಲಕ್ಕೆ ಜಗತ್ತಿನ ದಾಖಲೆಯಾಗಿತ್ತೆಂದೂ, 1998-99ರಲ್ಲಿ ಇದೇ ರಾಜ್ಯದ ಮೌಂಟ್ ಬೇಕರ್ 1,140 ಅಂಗುಲದಿಂದ ಅದನ್ನು ಮೀರಿಸಿತೆಂದೂ ಆಕೆ ಹೇಳಿದ್ದನ್ನು ಕನ್ನಡಕ್ಕೆ ತಂದು ಅಮ್ಮನಿಗೆ ತಿಳಿಸಿದಾಗ ಪ್ರಕರಣವೊಂದು ಹುಟ್ಟಿಕೊಂಡಿತು.

"ಆಗುಂಬೆಗಿಂತ ಹೆಚ್ಚೋ?" ಎಂದರು ಅಮ್ಮ.

ಆಗುಂಬೆ ಅವರ ತವರಿನ ಮಗ್ಗುಲ ಊರು. ಅಲ್ಲಿನ ಮಳೆಯನ್ನು ಅವರು ಪಿತ್ರಾರ್ಜಿತ ಆಸ್ತಿಯೆಂದು ಭಾವಿಸಿದ್ದಾರೆ. ಮಾವನವರಾದರೋ ಬಯಲುಸೀಮೆಯವರು, ಮೇಲಾಗಿ ಅಂಕಿಗಳ ಮನುಷ್ಯ. ಬೀಗಿತ್ತಿಯವರ ಪ್ರಶ್ನೆಗೆ ಉತ್ತರ ಕೊಡದಿರುವುದು ಅವಿನಯ, ತಪ್ಪು ಉತ್ತರ ಕೊಡುವುದು ವೃತ್ತಿದ್ರೋಹ. ಅವರು ಕೈಗೋಲಿನಿಂದ ಹಿಮದ ಮೇಲೆಯೇ ಲೆಕ್ಕ ಬರೆಯತೊಡಗಿದರು: ಹತ್ತು ಅಂಗುಲ ಹಿಮ ಕರಗಿದರೆ ಸ್ಥೂಲವಾಗಿ ಒಂದಂಗುಲ ನೀರು; 1,122ಕ್ಕೆ 112 ಅಂಗುಲ; ಈ ಕಡೆಯ ಹಿಮ ಒದ್ದೆಯಾದ್ದರಿಂದ ಇನ್ನಷ್ಟು ಸೇರಿಸಿ; ಆಗುಂಬೆಗಾದರೆ ವರ್ಷಕ್ಕೆ ಸರಾಸರಿ 300 ಅಂಗುಲದ ಆಸುಪಾಸು. ಅರಬ್ಬೀ ಸಮುದ್ರದ ಗಾಳಿ ಸಹ್ಯಾದ್ರಿಗೆ ತಾಗಿ ಮೇಲೇರಿ ಮಳೆಯಾಗುವಂತೆಯೇ ಪೆಸಿಫಿಕ್ಕಿನ ಗಾಳಿ ಈ 14,410 ಅಡಿಯ ಪರ್ವತಕ್ಕೆ ತಾಗಿ ಹಿಮವಾಗುತ್ತದೆ, ಕಾರಣ ಒಂದೇ, ಪ್ರಮಾಣದಲ್ಲಿ ಮಾತ್ರ ಆಗುಂಬೆಯೇ ಮೇಲು, ಎಂದು ಅವರು ತೀರ್ಪಿತ್ತರು. ಅಮ್ಮ ರೇಂಜರಮ್ಮನನ್ನು ಕನಿಕರದಿಂದ ನೋಡಿದರು. ಹಿಂದೆ ನಿಂತಿದ್ದ ಹತ್ತೊಂಬತ್ತೋ ಇಪ್ಪತ್ತೋ ಮಂದಿ ಬಿಳಿಯರು ಈ ಗಣಿತ ಮುಗಿಯುವವರೆಗೂ ಯಾವುದೋ ಪ್ರಾಣಿಯ ಹೆಜ್ಜೆ ಗುರುತನ್ನು ಪರಿಶೀಲಿಸುತ್ತಿದ್ದಾರೆಂಬ ನಂಬಿಕೆಯಿಂದ ಮೌನವಾಗಿದ್ದರು.

ಮುಂದಿನ ಇಳಿಜಾರಿನಲ್ಲಿ ಯಾರೂ ತುಳಿಯದ ಹೊಸ ಹಿಮ. ಇಷ್ಟವುಳ್ಳವರು ಒಬ್ಬೊಬ್ಬರಾಗಿ ಮುಂದೆ ಬಂದು ಹಾದಿ ಮಾಡಬಹುದೆಂದು ರೇಂಜರಮ್ಮ ಕರೆದಳು. ಅಮ್ಮ ಪಕ್ಕಕ್ಕೆ ಸರಿದು "ಬೀಗರು ಮುಂದೆ ನಡೆಯಲಿ" ಎಂದರು. "ಉಂಟೇ! ಅಮ್ಮನವರು ದಯಮಾಡಿಸಬೇಕು." "ಹಿರಿಯರು ತಾವು." "ಗಂಡಿನ ಕಡೆಯವರು ತಾವು." ಈ ಸಂವಾದವು ಬೇರೆ ಯಾವುದೇ ಸ್ಥಳದಲ್ಲಾದರೆ ಸಾಯಂಕಾಲದವರೆಗೆ ಸಾಗುತ್ತಿತ್ತು. ರೇಂಜರಮ್ಮ ಕೈಬೆರಳನ್ನು ನೇರ ಮಾವನವರ ಎದೆಗೆ ತೋರಿಸಿ "ನೀವು" ಎಂದಳು, ವಿವಾದ ಮುಗಿಯಿತು. ಹೊಸ ಹಿಮದಲ್ಲಿ ಮುಂದಿನವನಿಗೆ ದೊರೆಯುವುದು ಗೌರವವಲ್ಲ, ದುಡಿಮೆ. ಪಾದುಕೆಯಿದ್ದರೂ ಪ್ರತಿ ಹೆಜ್ಜೆಗೂ ಕಾಲು ಗೇಣುದ್ದ ಇಳಿಯುತ್ತದೆ, ಅದನ್ನು ಮಂಡಿಯೆತ್ತಿ ಕೀಳಬೇಕು. ಹಿಂದೆ ಬರುವವನಿಗೆ ಅಚ್ಚುಕಟ್ಟಾದ ಮೆಟ್ಟಿಲು ಸಿದ್ಧವಾಗಿರುತ್ತದೆ. ಐವತ್ತು ಮಾರು ಹೋಗುವಷ್ಟರಲ್ಲಿ ಮಾವನವರ ಉಸಿರು ಉಗಿಬಂಡಿಯಂತಾಗಿ, ಅವರು ತಿರುಗಿ ನಿಂತು, ಇನ್ನಾದರೂ ಅಮ್ಮನವರು ಅಗ್ರಸ್ಥಾನವನ್ನು ಅಲಂಕರಿಸಬೇಕೆಂದು ಹಿಂದೆಂದೂ ಇಲ್ಲದ ಹೃತ್ಪೂರ್ವಕತೆಯಿಂದ ಪ್ರಾರ್ಥಿಸಿದರು. ಮೆಟ್ಟಿಲುಗಳ ಮೇಲೆ ಸುಖವಾಗಿ ಬರುತ್ತಿದ್ದ ಅಮ್ಮ, ಬೀಗರ ಮುಂದೆ ನಡೆಯುವ ಉದ್ಧಟತನ ತಮ್ಮ ವಂಶದಲ್ಲಿಯೇ ಇಲ್ಲವೆಂದರು.

ಆಮೇಲೆ ಮೋಡ ಸರಿದು ಪರ್ವತ ಕಾಣಿಸಿತು. ಮಾವನವರು ನಮ್ಮೆಲ್ಲರನ್ನೂ ಸಾಲಾಗಿ ನಿಲ್ಲಿಸಿ, ಶಿಖರವೂ ಸೇರಲೆಂದು ಫೋನು ಹಿಡಿದು ಹಿಂದಕ್ಕೆ ಹೆಜ್ಜೆಯಿಟ್ಟರು. ಹಿಮಪಾದುಕೆಗೆ ಹಿಂಬಾಲವಿರುವುದರಿಂದ ಹಿಂದಕ್ಕೆ ನಡೆಯಲಾಗದು, ಬಾಲ ಹಿಮಕ್ಕೆ ನಾಟಿಕೊಳ್ಳುತ್ತದೆಂದು ಮೊದಲೇ ಹೇಳಿದ್ದರು. ಆದರೆ ಕ್ಯಾಮೆರಾ ಕೈಗೆ ಬಂದ ಕನ್ನಡಿಗನು ಹಿಂದೆ ಸರಿಯದೆ ಇರುವುದುಂಟೇ? "ಇನ್ನೂ ಸ್ವಲ್ಪ" ಎಂದವರು ಮಾತು ಮುಗಿಯುವ ಮೊದಲೇ ಸೊಂಟದವರೆಗೆ ಹಿಮದಲ್ಲಿ ಆಸೀನರಾದರು. ಆಗ ಅಮ್ಮ ತೋರಿದ ಸಂಸ್ಕಾರವನ್ನು ನಾನು ಮರೆಯಲಾರೆ. ಬೀಗರ ಪತನವನ್ನು ಬೀಗಿತ್ತಿ ಕಾಣಬಾರದಾದ್ದರಿಂದ ಅವರು ಥಟ್ಟನೆ ಬೆನ್ನು ತಿರುಗಿಸಿ ಪರ್ವತಕ್ಕೆ ಕೈಮುಗಿದವರು, ಮಾವನವರು ಪಕ್ಕಕ್ಕೆ ಹೊರಳಿ, ಮಂಡಿಯೂರಿ, ರೇಂಜರಮ್ಮನ ಹೆಗಲು ಹಿಡಿದು ಎದ್ದು, ಹಿಮ ಕೊಡವಿಕೊಂಡು ಕೆಮ್ಮುವವರೆಗೂ ಕಣ್ಣು ತೆರೆಯಲಿಲ್ಲ.

ವಿಶ್ರಾಂತಿಗೆಂದು ಫರ್ ಮರಗಳ ಬಳಿ ನಿಂತಾಗ ಅಮ್ಮ ಕೋಡುಬಳೆಯ ಡಬ್ಬಿ ತೆಗೆದರು. ಒಂದನ್ನು ಕೈಯಲ್ಲಿ ಹಿಡಿದಿದ್ದರಷ್ಟೆ, ಬೂದುಬಣ್ಣದ ಹಕ್ಕಿಯೊಂದು ಮರದಿಂದ ಜಾರಿ ಬಂದು, ಅವರ ಬೆರಳಿಗೇ ಉಗುರೂರಿ, ಕೋಡುಬಳೆಯನ್ನು ಕೊಕ್ಕಿಗೆ ಸಿಕ್ಕಿಸಿಕೊಂಡು ಹಾರಿಹೋಯಿತು. ಕಾಡುಪ್ರಾಣಿಗಳಿಗೆ ಆಹಾರ ಹಾಕಕೂಡದೆಂದು ರೇಂಜರಮ್ಮ ಗದರಿದಳು. ಆ ಹಕ್ಕಿಯ ಹೆಸರು ಕೆನಡಾ ಜೇ, ಅದು ತನ್ನ ಅಂಟು ಜೊಲ್ಲಿನಿಂದ ತುತ್ತುಗಳನ್ನು ಮರದ ತೊಗಟೆಗೆ ಅಂಟಿಸಿ ಚಳಿಗಾಲಕ್ಕೆ ಕೂಡಿಡುತ್ತದೆ, ಕಾಗೆಯ ಕುಟುಂಬಕ್ಕೆ ಸೇರಿದ್ದು, ಎಂದೂ ಸೇರಿಸಿದಳು. ಕೊನೆಯ ಮಾತನ್ನು ನಾನು ಅಮ್ಮನಿಗೆ ಹೇಳಬಾರದಿತ್ತೋ ಏನೋ. ಅವರು ಮರದತ್ತ ನೋಡಿ ಸೆರಗನ್ನು ಸರಿಪಡಿಸಿಕೊಂಡು, "ಇವರೇ" ಎಂದರು. ನಮ್ಮ ತಂದೆಯವರು ತೀರಿಕೊಂಡು ವರ್ಷಗಳಾಗಿವೆ. ಕೋಡುಬಳೆಯೆಂದರೆ ಅವರಿಗೆ ಪ್ರಾಣ.

ಮಾವನವರ ಮುಖ ವಿವರ್ಣವಾಯಿತು. "ಅಳಿಯಂದಿರೇ," ಎಂದರು ತಗ್ಗಿದ ದನಿಯಲ್ಲಿ, "ನಿಮ್ಮ ವರಪೂಜೆಯ ರಾತ್ರಿ ಬೀಗರ ಬಿಡಾರಕ್ಕೆ ಕಳಿಸಿದ ತಟ್ಟೆಯಲ್ಲಿ ಕೋಡುಬಳೆ ಸಾಲದೆ ಬಂತು. ಅವರು ಒಂದು ಮಾತೂ ಆಡದೆ ಬರೀ ಕಾಫಿ ಕುಡಿದು ಎದ್ದರು. ಆಡಿದ್ದರೆ ಚೆನ್ನಾಗಿತ್ತು." ಹೀಗೆಂದು, ಸರ್ಕಾರದ ಒಂದು ಸುತ್ತೋಲೆಯನ್ನೂ ಮೀರದ ಆ ಮನುಷ್ಯ ಡಬ್ಬಿಯಿಂದ ಎರಡು ಕೋಡುಬಳೆ ತೆಗೆದು, ಆಹಾರ ಹಾಕಿದಂತೆ ತೋರಬಾರದೆಂದು ಮುಖವನ್ನು ಪರ್ವತದ ಕಡೆ ತಿರುಗಿಸಿ, ಅಂಗೈಯನ್ನು ಮಾತ್ರ ಮರದ ಕಡೆ ಚಾಚಿ ನಿಂತರು. ಹಕ್ಕಿ ಮೊದಲನೆಯದನ್ನು ಒಯ್ದಿತು. ರೇಂಜರಮ್ಮ ಗುಂಪಿನ ಇನ್ನೊಂದು ತುದಿಯಿಂದ ಧಾವಿಸಿ ಬರುತ್ತಿದ್ದಳು. ಅವಳಿಗಿಂತ ಮೊದಲೇ ಅಮ್ಮ ಡಬ್ಬಿಯ ಮುಚ್ಚಳವನ್ನು ಟಪ್ಪೆಂದು ಹಾಕಿ, ಎರಡನೆಯದನ್ನು ಬೀಗರ ಅಂಗೈಯಿಂದ ಕಿತ್ತುಕೊಂಡರು.

"ಸಾಕು ಬಿಡಿ ಬೀಗರೇ. ಎಣ್ಣೆ ತಿಂಡಿ ಮುಟ್ಟಿಸಬೇಡಿ ಅಂತ ಡಾಕ್ಟರು ಅವರಿಗೆ ಕೊನೆಯವರೆಗೂ ಹೇಳಿದ್ದರು."

ಮಾವನವರು ಕೂಡಲೇ ಕೈ ಹಿಂದೆಗೆದುಕೊಂಡರು.