ಬ್ರೇಕಿಗೆ ಎಣ್ಣೆ ಬಿಟ್ಟವನ ಮಾತು

ಬಾಗಿಲು ಕಿರ್ರೆಂದರೆ ಸಂದಿಗೆ ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಡುವುದು ನಮ್ಮ ಮನೆತನದ ಪದ್ಧತಿ. ಹೊಲಿಗೆ ಯಂತ್ರ, ತೂಗುಮಂಚದ ಸರಪಳಿ, ಗೇಟಿನ ಅಗುಳಿ ಎಲ್ಲಕ್ಕೂ ಅದೇ ಔಷಧ. ಹೀಗಿರುವಾಗ ನನ್ನ ಮೌಂಟೇನ್ ಬೈಕಿನ ಹಿಂದಿನ ಬ್ರೇಕು ಬೀದಿಗೆಲ್ಲ ಕೇಳುವಂತೆ ಕಿರುಚತೊಡಗಿದಾಗ ನಾನೇನು ಮಾಡಿದೆ ಅಂತ ಬಿಡಿಸಿ ಹೇಳಬೇಕೇ? ಚೈನಿಗೆ ಹೊಡೆಯುವ ಸ್ಪ್ರೇ ತಂದು ಡಿಸ್ಕಿನ ಎರಡೂ ಮಗ್ಗುಲಿಗೆ ಧಾರಾಳವಾಗಿ ಹೊಡೆದೆ. ಮುಂದಿನದು ಮುನಿಸಿಕೊಳ್ಳಬಾರದಲ್ಲ ಅಂತ ಅದಕ್ಕೂ ಒಂದು ಪಾಲು ಕೊಟ್ಟೆ. ಕಿರುಚಾಟ ನಿಂತಿತು. ಸೈಕಲ್ ನಿಲ್ಲಲಿಲ್ಲ. ಕೊನೆಗೆ ಎದುರುಮನೆಯ ಗೇಟು ನಿಲ್ಲಿಸಿತು.

ಅಕ್ಕನ ಮಗ ಬಂದು ಪ್ಯಾಡು ಬಿಚ್ಚಿ ಮೂಸಿ ನೋಡಿದ. “ಮಾಮ, ಇದು ಎಣ್ಣೆ ಕುಡಿದುಬಿಟ್ಟಿದೆ. ಇನ್ನು ಉಳಿಯಲ್ಲ.” ಡಿಸ್ಕು ಬರೀ ಉಕ್ಕು, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದರೆ ಚೊಕ್ಕಟವಾಗುತ್ತದೆ, ಪ್ಯಾಡು ಮಾತ್ರ ಬಾಳೆಕಾಯಿ ಬಜ್ಜಿಯ ಹಾಗೆ, ಹೀರಿದ್ದನ್ನು ಬಿಟ್ಟುಕೊಡುವುದಿಲ್ಲ. ಮುಳ್ಳಯ್ಯನಗಿರಿಗೆ ಹೊರಡಲು ಇನ್ನು ಹತ್ತೇ ದಿನ, ಅದೂ ಮಳೆಗಾಲದಲ್ಲಿ.

ಅಂಗಡಿಗೆ ಹೋಗಿ ಗತ್ತಿನಿಂದ “ಎರಡು ಜೊತೆ ಡಿಸ್ಕ್ ಬ್ರೇಕ್ ಪ್ಯಾಡ್ ಕೊಡಪ್ಪ” ಅಂದೆ. “ಯಾವ ಶೇಪು ಸಾರ್?” ಅಂದ ಹುಡುಗ. ನಾನು ಗಾಳಿಯಲ್ಲಿ ಬೆರಳಾಡಿಸಿ ಒಂದು ಆಕಾರ ಬರೆದೆ. ಅವನು ಅದನ್ನು ಮರ್ಯಾದೆಯಿಂದ ನೋಡಿ, ಹಳೆಯದನ್ನು ತನ್ನಿ ಅಂದ. ಒಂದೇ ಕಂಪನಿಯ ಬ್ರೇಕುಗಳಲ್ಲೇ ಹಲವು ಆಕಾರ ಇವೆ ಸ್ವಾಮಿ! ಒಂದು ಚೌಕ, ಇನ್ನೊಂದು ದುಂಡು, ಮತ್ತೊಂದಕ್ಕೆ ಮೇಲೆರಡು ಕಿವಿ. ಮಗಳಿಗೆ ಬಳೆ ತರಲು ಹೋಗುವಾಗ ಅಳತೆ ಬಳೆ ಒಯ್ಯುತ್ತೇವಲ್ಲ, ಹಾಗೆ ಹಳೆ ಪ್ಯಾಡು ಜೇಬಲ್ಲಿರಬೇಕು.

ಎರಡನೇ ಸಲ ಹೋದಾಗ ಹೊಸ ಪ್ರಶ್ನೆ: ರೆಸಿನ್ನೋ, ಸಿಂಟರ್ಡೋ? ರೆಸಿನ್ ಎಂದರೆ ನಾರು ಮುಂತಾದ್ದನ್ನು ಅಂಟಿನಲ್ಲಿ ಕಲಸಿ ಒತ್ತಿದ್ದು. ಸ್ವಭಾವ ಮೆತ್ತಗೆ, ಹಿಡಿದ ಕೂಡಲೇ ಕಚ್ಚುತ್ತದೆ, ಗಲಾಟೆ ಕಡಿಮೆ. ಆದರೆ ಕೆಸರುನೀರು ಸಿಕ್ಕಿದರೆ ಸೀಮೆಸುಣ್ಣದಂತೆ ಸವೆಯುತ್ತದೆ, ಹೆಚ್ಚು ಕಾದರೆ ಕೈಕೊಡುತ್ತದೆ. ಸಿಂಟರ್ಡ್ ಎಂದರೆ ಲೋಹದ ಪುಡಿಯನ್ನು ಒತ್ತಿ, ಕಾಯಿಸಿ ಗಟ್ಟಿಮಾಡಿದ್ದು. ತಣ್ಣಗಿದ್ದಾಗ ತುಸು ಸೋಮಾರಿ, ಬಾಯಿ ಜೋರು. ಆದರೆ ಮಳೆಗೂ ಬಿಸಿಗೂ ಬಗ್ಗುವ ಜಾತಿಯಲ್ಲ. ನಡುವೆ ಅರೆಲೋಹದ್ದೂ ಒಂದಿದೆ, ಎರಡು ಕಡೆಯವರನ್ನೂ ಎದುರು ಹಾಕಿಕೊಳ್ಳಲು ಇಷ್ಟವಿಲ್ಲದವರಿಗೆ.

ಈ ಬಿಸಿಯ ಮಾತನ್ನು ನಾನು ನಂಬಲಿಲ್ಲ. ಹುಡುಗರು ಹೆದರಿಸುತ್ತಾರೆ ಅಂದುಕೊಂಡು ಮನೆಗೆ ಬಂದು ಲೆಕ್ಕ ಹಾಕಿದೆ. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎತ್ತರ, ಚಿಕ್ಕಮಗಳೂರು ಪೇಟೆ ಸುಮಾರು 1,090. ಇಳಿಯಬೇಕಾದ್ದು 840 ಮೀಟರ್. ನಾನು, ಸೈಕಲ್ಲು, ಚೀಲ, ಚೀಲದೊಳಗಿನ ಚಕ್ಕುಲಿ ಎಲ್ಲ ಸೇರಿ 90 ಕಿಲೋ. ಇಳಿಯುವಾಗಿನ ಶಕ್ತಿಯನ್ನೆಲ್ಲ ಬ್ರೇಕೇ ತಿಂದರೆ ಎರಡು ಲೀಟರಿಗೂ ಹೆಚ್ಚು ತಣ್ಣೀರು ಕುದಿಯುತ್ತದೆ! ಗಾಳಿಯೂ ಒಂದು ಪಾಲು ಕಸಿಯುತ್ತದೆ ಅನ್ನಿ. ಆದರೂ ಮನೆಗೆ ಬಂದ ಬೀಗರಿಗೆಲ್ಲ ಕಾಫಿಯಾಗುವಷ್ಟು ಬಿಸಿ. ಅದಷ್ಟೂ ಹುಟ್ಟುವುದು ನಾಲ್ಕು ಚಿಕ್ಕ ಪ್ಯಾಡು, ಎರಡು ತೆಳು ತಟ್ಟೆಗಳ ನಡುವೆ. ನನ್ನ ಹಾಗೆ ದಾರಿಯುದ್ದಕ್ಕೂ ಬ್ರೇಕನ್ನು ಸವರುತ್ತ ಇಳಿಯುವವರಿಗೆ ಅದು ಆರಲು ಪುರಸೊತ್ತೇ ಸಿಗುವುದಿಲ್ಲ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು, ಆಮೇಲೆ ಬಿಟ್ಟುಬಿಡಬೇಕಂತೆ. ಹೇಳುವುದು ಸುಲಭ.

ಸರಿ, ಸಿಂಟರ್ಡೇ ಆಗಲಿ ಅಂತ ತೀರ್ಮಾನಿಸಿ ದುಡ್ಡು ತೆಗೆದೆ. ಅಷ್ಟರಲ್ಲಿ ಅಳಿಯನ ಫೋನು: “ಡಿಸ್ಕಿನ ಮೇಲೆ ಏನು ಕೆತ್ತಿದ್ದಾರೆ ಓದಿದ್ಯಾ ಮಾಮ?” ಓದುವ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರೆ ಸಾಸಿವೆ ಗಾತ್ರದ ಇಂಗ್ಲಿಷಿನಲ್ಲಿ ‘ರೆಸಿನ್ ಪ್ಯಾಡ್ ಓನ್ಲಿ’. ಆ ಡಿಸ್ಕಿನ ಉಕ್ಕು ಮೆದು, ಲೋಹದ ಪ್ಯಾಡು ಅದನ್ನು ಕೆರೆದು ತಿಂದುಹಾಕುತ್ತದೆ. ಸಿಂಟರ್ಡ್ ಬೇಕೆಂದರೆ ಎರಡು ಡಿಸ್ಕೂ ಹೊಸತು ಬೇಕು. “ರೀ, ಬೈಕಿಗೆ ಅರವತ್ತು ಸಾವಿರ ಕೊಡೋವಾಗ ಇಷ್ಟು ಯೋಚನೆ ಮಾಡ್ಲಿಲ್ಲ ನೀವು” ಅಂದಳು ಇವಳು. ಯೋಚನೆ ಮಾಡಿ ರೆಸಿನ್ನನ್ನೇ ತಂದೆ, ಹಿಂದಿನ ಚಕ್ರಕ್ಕೆ ಒಂದು ಜೊತೆ ಹೆಚ್ಚಿಗೆ.

ಹಾಕಿದ ಕೂಡಲೇ ಹಿಡಿಯುತ್ತದೆ ಅಂದುಕೊಂಡಿರಾ? ಇಲ್ಲ. 20 ಕಿಲೋಮೀಟರ್ ವೇಗಕ್ಕೆ ಏರಿ, ನಡಿಗೆಯ ವೇಗಕ್ಕೆ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ಏರಬೇಕು. ಹೀಗೆ ಇಪ್ಪತ್ತು ಸಲ. ಆಗ ಪ್ಯಾಡಿನ ತೆಳುವಾದ ಪದರ ಡಿಸ್ಕಿಗೆ ಮೆತ್ತಿಕೊಂಡು ಹಿಡಿತ ಬರುತ್ತದೆ. ಬೆಳಗ್ಗೆ ಆರಕ್ಕೆ ನಮ್ಮ ಬೀದಿಯಲ್ಲಿ ಅದನ್ನು ಮಾಡುತ್ತಿದ್ದರೆ ಹನ್ನೊಂದನೇ ಸುತ್ತಿಗೆ ವಾಚ್‌ಮನ್ ಹತ್ತಿರ ಬಂದು, “ಏನಾದ್ರೂ ಕಳ್ಕೊಂಡ್ರಾ ಸಾರ್?” ಅಂದ.

ಗಿರಿಯ ಮೇಲೆ ಮಂಜು, ಜಡಿಮಳೆ, ದಾರಿಯಲ್ಲಿ ಕೆಂಪು ರಾಡಿ. ಎರಡನೇ ದಿನ ಮಧ್ಯಾಹ್ನಕ್ಕೆ ಹಿಂದಿನ ಲಿವರ್ ಹ್ಯಾಂಡಲಿಗೇ ಬಂದು ತಾಗಿತು. ಪ್ಯಾಡು ಅರ್ಧ ಮಿಲಿಮೀಟರ್ ಉಳಿದಾಗ ಬದಲಿಸಿ ಅಂತ ಬ್ರೇಕು ಮಾಡುವ ಶಿಮಾನೊ ಕಂಪನಿಯವರು ಹೇಳುತ್ತಾರೆ. ನನ್ನದರಲ್ಲಿ ಅದೂ ಉಳಿದಿರಲಿಲ್ಲ. ಕಾಫಿ ತೋಟದ ಬೇಲಿ ಪಕ್ಕ ಕೂತು, ಅಳಿಯ ಕೊಡೆ ಹಿಡಿದಿರಲು, ಹೆಚ್ಚಿಗೆ ತಂದಿದ್ದ ಜೊತೆ ಹಾಕಿದೆ. ಈ ಸಲ ಅದನ್ನು ಬೆರಳಲ್ಲೂ ಮುಟ್ಟಲಿಲ್ಲ, ಅಂಚಲ್ಲೇ ಹಿಡಿದೆ. ಬೆರಳಿನ ಜಿಡ್ಡೂ ಅದಕ್ಕೆ ಆಗಿಬರುವುದಿಲ್ಲ.

ನೀವೂ ಹೊರಟಿದ್ದರೆ ಚೀಲದಲ್ಲಿ ಇನ್ನೊಂದು ಜೊತೆ ಇರಲಿ. ಆ ಊರಲ್ಲಿ ಕಾಫಿಪುಡಿ ಬೇಕಾದಷ್ಟು ಸಿಗುತ್ತದೆ, ನಿಮ್ಮ ಶೇಪಿನ ಪ್ಯಾಡೂ ಸಿಗುತ್ತದೆ ಅಂತ ನಂಬಿ ಹೋಗಬೇಡಿ.