ಹರಾಜು ಮನೆಯ ಶಾಸ್ತ್ರ: ಒಂದು ಸಂವಾದ

ಸೀರೆ ನೇಯುವ ಊರಾದ ಕಮತಗಿಯಲ್ಲಿದ್ದುಕೊಂಡೇ ಬಾಡಿಗೆಯ ಆದಾಯದಿಂದ ಬದುಕಲು ನಿಶ್ಚಯಿಸಿದ ತರುಣನೊಬ್ಬನಿಗೂ, ಬ್ಯಾಂಕಿನಿಂದ ನಿವೃತ್ತರಾದ ಅವನ ಕಾಕಾ ಅವರಿಗೂ ನಡೆದ ಈ ಸಂವಾದವು, 2002ರ ಸರ್ಫೇಸಿ ಕಾಯ್ದೆಯನ್ನು, ಎಂದರೆ ನ್ಯಾಯಾಲಯದ ಮೆಟ್ಟಿಲೇರದೆಯೇ ಅಡವಿನ ಆಸ್ತಿಯನ್ನು ಮಾರಿ ಸಾಲ ವಸೂಲು ಮಾಡಲು ಬ್ಯಾಂಕುಗಳಿಗೆ ಅವಕಾಶವಿತ್ತ ಕಾನೂನನ್ನು, ಅರಿಯಲು ಉಪಯುಕ್ತವಾಗಿದೆ.

ತರುಣ: ಕಾಕಾ, ಬಾಗಲಕೋಟೆಯ ನವನಗರದಲ್ಲಿ ಮನೆಯೊಂದು ಹರಾಜಿಗಿದೆ, ಮೀಸಲು ಬೆಲೆ, ಎಂದರೆ ಬ್ಯಾಂಕು ಅದಕ್ಕಿಂತ ಕೆಳಗಿಳಿಯದ ಬೆಲೆ, 20 ಲಕ್ಷವಂತೆ.

ಕಾಕಾ: ಹಣವೆಲ್ಲಿದೆ, ತಮ್ಮಾ?

ತರುಣ: ಬಾಡಿಗೆ ಬಂದ ಹಾಗೆ ಕಟ್ಟಿದರಾಯಿತು.

ಕಾಕಾ: 20 ಲಕ್ಷಕ್ಕೇ ಬಿಡ್ ಗೆದ್ದರೂ ಅಂದೇ, ತಪ್ಪಿದರೆ ಮುಂದಿನ ಕೆಲಸದ ದಿನದೊಳಗೆ, ಮುಂಗಡ ಠೇವಣಿಯೂ ಸೇರಿ ಶೇಕಡಾ 25, ಅಂದರೆ 5 ಲಕ್ಷವನ್ನು ಕಟ್ಟಬೇಕು, ಲಿಖಿತ ಒಪ್ಪಿಗೆಯಿಂದ ಗಡುವು ಮುಂದೆ ಹೋಗದಿದ್ದರೆ, ಮಾರಾಟ ಖಚಿತವಾದ 15 ದಿನಗಳೊಳಗೆ ಉಳಿದ 15 ಲಕ್ಷ ಸಲ್ಲಬೇಕು, ಇಲ್ಲವಾದರೆ ಕಟ್ಟಿದ್ದೂ ಮುಟ್ಟುಗೋಲಾಗುತ್ತದೆ.

ತರುಣ: ಗೃಹಸಾಲವಿದೆಯಲ್ಲ?

ಕಾಕಾ: ಇದೆ, ಆದರೆ ಋಣಭಾರ ಪ್ರಮಾಣಪತ್ರ, ಖಾತೆ ಉತಾರ, ಕರ ಪಾವತಿಯ ರಸೀದಿಗಳನ್ನೆಲ್ಲ ಪರಿಶೀಲಿಸಿ ಸಾಲದ ಕಡತವು ಮೇಜಿನಿಂದ ಮೇಜಿಗೆ ಸಾಗುವಷ್ಟರಲ್ಲಿ ಆ ಹದಿನೈದು ದಿನಗಳು ಕೈಬೀಸಿ ಹೋಗಿರುತ್ತವೆ.

ತರುಣ: ಜಾಹೀರಾತಿನಲ್ಲಿ ‘ಸಾಂಕೇತಿಕ ಸ್ವಾಧೀನ’ ಎಂದಿದೆ, ಶುಭಸೂಚಕವಿರಬೇಕು.

ಕಾಕಾ: ನೋಟಿಸು ಬಾಗಿಲ ಹೊರಗಿದೆ, ಹಳೆಯ ಮಾಲೀಕರು ಒಳಗಿದ್ದಾರೆ ಎಂದು ಅದರ ಅರ್ಥ, ‘ಇದ್ದಲ್ಲಿ, ಇದ್ದಂತೆ’ ಎಂಬ ಷರತ್ತಿದ್ದರೆ ಬಾಕಿ ಕರ, ವ್ಯಾಜ್ಯಗಳ ತಲೆನೋವೂ ಕೊಂಡವರ ಪಾಲಿಗೆ.

ತರುಣ: ಹಾಗಾದರೆ ಬಾಡಿಗೆದಾರರನ್ನು ಹುಡುಕುವ ಶ್ರಮವೇ ಉಳಿಯಿತು, ಒಳಗೆ ಆಗಲೇ ಜನರಿದ್ದಾರೆ!

ಕಾಕಾ: ಇದ್ದಾರೆ, ತಮ್ಮಾ, ಅವರು ತಿಂಗಳಿಗೊಮ್ಮೆ ತಪ್ಪದೆ ಹಣವನ್ನೂ ಕೊಡುತ್ತಾರೆ, ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿ ನಿನ್ನ ಖರೀದಿಯ ವಿರುದ್ಧ ವಾದಿಸುವ ವಕೀಲರಿಗೆ.