ತಾರೀಖು ಕೊಡುವ ಕೆಲಸ

ಪೀಣ್ಯದ ಯಾವ ವರ್ಕ್‌ಶಾಪಿನಲ್ಲಾದರೂ ವಿಚಾರಿಸಿ ನೋಡಿ. ಗಿಯರ್ ಕಡಿಯುವುದು ಅಂಥ ಕಷ್ಟವಲ್ಲ, ಯಾವತ್ತು ಕೊಡುತ್ತೇವೆಂದು ಗಿರಾಕಿಗೆ ಹೇಳುವುದೇ ಕಷ್ಟ ಎನ್ನುತ್ತಾರೆ. ನಾನು ಸೇಲ್ಸ್ ಟೇಬಲ್ಲಿನಲ್ಲಿ ಕೂರುವ ಗಿಯರ್‌ಬಾಕ್ಸ್ ಕಾರ್ಖಾನೆಯಲ್ಲಿ ಹಿಂದೆ ಈ ಕೆಲಸ ಫೋರ್‌ಮನ್ನರದು. ಗೋಡೆ ಕ್ಯಾಲೆಂಡರ್ ನೋಡಿ, ತಲೆ ಕೆರೆದು, "ಗಣಪತಿ ಹಬ್ಬ ಕಳೀಲಿ" ಎನ್ನುತ್ತಿದ್ದರು. ಯಾವ ವರ್ಷದ ಗಣಪತಿ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಆಮೇಲೆ ಸ್ಯಾಪ್ ಬಂತು. 1972ರಲ್ಲಿ ಐಬಿಎಂ ಬಿಟ್ಟುಬಂದ ಐವರು ಜರ್ಮನಿಯಲ್ಲಿ ಕಟ್ಟಿದ ಕಂಪನಿಯ ಸಾಫ್ಟ್‌ವೇರ್. ಆರ್ಡರ್ ಹಾಕಿದ ಕೂಡಲೇ ಕೈಯಲ್ಲೆಷ್ಟಿದೆ, ಬರುವುದೆಷ್ಟಿದೆ, ಯಾರಿಗೆ ಹೋಗಬೇಕಿದೆ ಎಂದು ಲೆಕ್ಕ ಹಾಕಿ ತಾರೀಖು ಕೊಡುತ್ತದೆ. ಇದು ಅವೈಲಬಿಲಿಟಿ ಚೆಕ್. ರಾತ್ರಿ ನಾವು ಮಲಗಿದ ಮೇಲೆ ರೀಶೆಡ್ಯೂಲಿಂಗ್ ಎಂಬ ಜಾಬ್ ಓಡಿ, ಬಾಕಿ ಆರ್ಡರುಗಳ ಲೆಕ್ಕವನ್ನೆಲ್ಲ ಮತ್ತೆ ಹಾಕುತ್ತದೆ.

ನಟ್ಟು ಬೋಲ್ಟು ಮಾರುವವರಿಗೆ ಇದೆಲ್ಲ ಸಲೀಸು. ನಮ್ಮದು ಮೇಕ್ ಟು ಆರ್ಡರ್. ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗೆಂದು ಮಾಡಿದ ಗಿಯರ್‌ಬಾಕ್ಸ್ ಸ್ಟೋರಿನಲ್ಲಿ ಕೂತಿದ್ದರೂ ಅದು ಆ ಆರ್ಡರ್ ನಂಬರಿನ ಸೊತ್ತು, ಇನ್ನೊಬ್ಬರಿಗೆ ಕೊಡುವಂತಿಲ್ಲ. ಹಾಗಾಗಿ ಚೆಕ್ ಮಾಡುವ ರೂಲೂ ಬೇರೆ: ಮಾಮೂಲಿ ಆರ್ಡರಿಗೆ 'ಎ', ಇಂಥದ್ದಕ್ಕೆ 'ಎಇ'. ಸೆಟ್ ಮಾಡಲು ಬಂದಿದ್ದ ಕನ್ಸಲ್ಟೆಂಟ್ 'ಎ'ಯನ್ನು ಬಲು ಶ್ರದ್ಧೆಯಿಂದ ತಿದ್ದಿತೀಡಿ, 'ಎಇ'ಯತ್ತ ತಲೆಯೂ ಹಾಕದೆ ಊರಿಗೆ ಹೊರಟುಹೋಗಿದ್ದರು.

ಆ 'ಎಇ'ಯಲ್ಲಿ ಪ್ರೊಡಕ್ಷನ್ ಆರ್ಡರುಗಳನ್ನು, ಅಂದರೆ ಶಾಪಿನಲ್ಲಿ ತಯಾರಿಗೆ ಹಾಕಿದ ಕೆಲಸಗಳನ್ನು, ಲೆಕ್ಕಕ್ಕೆ ಹಿಡಿಯುವ ಟಿಕ್ಕೇ ಇರಲಿಲ್ಲ. ಕೈಯಲ್ಲಿ ಸರಕಿಲ್ಲ, ಬರುವುದು ಕಣ್ಣಿಗೆ ಬೀಳುವುದಿಲ್ಲ. ಆಗ ಸಿಸ್ಟಮ್ ಮೊರೆಹೋಗುವುದು ಲೀಡ್ ಟೈಮಿಗೆ, ಅಂದರೆ ಮಾಲು ತಯಾರಾಗಲು ಇಷ್ಟು ದಿನ ಬೇಕೆಂದು ಮೊದಲೇ ಬರೆದಿಟ್ಟ ಲೆಕ್ಕಕ್ಕೆ. ಮಟೀರಿಯಲ್ ಮಾಸ್ಟರಿನಲ್ಲಿ 45 ದಿನ ಎಂದಿತ್ತು. (ಬರೆದವರನ್ನು ಹುಡುಕಿದರೆ, ಅವರು ರಿಟೈರಾಗಿ ಮೊಮ್ಮಗನನ್ನು ಆಡಿಸಲು ಅಮೆರಿಕಕ್ಕೆ ಹೋಗಿದ್ದರು.) ಇವತ್ತಿನಿಂದ 45 ದಿನ ಕಳೆದರೆ ಏನು ಬೇಕಾದರೂ ಸಿಕ್ಕೀತು ಎಂಬುದು ಸಿಸ್ಟಮ್ಮಿನ ನಂಬಿಕೆ. ಆದರೆ ಜಾಬ್ ಪ್ರತಿ ರಾತ್ರಿ ಓಡುತ್ತದೆ, ದಿನವೂ 'ಇವತ್ತು' ಬದಲಾಗುತ್ತದೆ, ಡೆಲಿವರಿಯೂ ಒಂದೊಂದೇ ದಿನ ಮುಂದಕ್ಕೆ ಜಾರುತ್ತದೆ. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನು ಸಾಗಹಾಕುತ್ತಿದ್ದ ಉಪಾಯವೇ ಇದು. ದೆವ್ವದ ಹತ್ತಿರ ಫೋನ್ ಇರಲಿಲ್ಲ, ಅಷ್ಟೇ.

ಸಕ್ಕರೆ ಕಾರ್ಖಾನೆಯ ಪರ್ಚೇಸ್‌ನವರ ಹತ್ತಿರ ಇತ್ತು.

"ಏನ್ರೀ, ಹ್ವಾದ ವಾರ ನಲವತ್ತೈದ ದಿವಸ ಅಂದ್ರಿ, ಇವತ್ತೂ ನಲವತ್ತೈದ ಅಂತೀರಿ. ನಿಮ್ಮ ಕ್ಯಾಲೆಂಡರ್ ನಿಂತೈತೇನ್ರೀ? ಇಲ್ಲಿ ಹಂಗಾಮು ಸುರು ಆಗೂದೈತಿ. ಕಬ್ಬು ನಿಮ್ಮ ಸಿಸ್ಟಮ್ ಕೇಳಿ ಬೆಳಿಯಂಗಿಲ್ರೀ!"

ಅವರು ಹೀಗೆ ಗುಡುಗುವ ಹೊತ್ತಿಗೆ ಅವರದೇ ಗಿಯರ್ ಹೀಟ್ ಟ್ರೀಟ್‌ಮೆಂಟ್ ಮುಗಿಸಿ, ಕೆಳಗೆ ಗ್ರೈಂಡಿಂಗ್ ಮಿಷಿನ್ನಿನ ಮೇಲೆ ಕೂತಿತ್ತು. ಶಾಪಿನ ಹುಡುಗರಿಗೆಲ್ಲ ಗೊತ್ತಿತ್ತು, ಸ್ಕ್ರೀನಿಗೆ ಮಾತ್ರ ಗೊತ್ತಿರಲಿಲ್ಲ. ಸಾಫ್ಟ್‌ವೇರನ್ನು ಬೈದು ಫಲವಿಲ್ಲ. ಏನನ್ನು ನೋಡಬೇಕೆಂದು ನಾವು ಹೇಳಿದೆವೋ ಅದನ್ನೇ ಪಾಪ ಅದು ನೋಡಿದ್ದು.

ಕೊನೆಗೆ 'ಎಇ'ಯಲ್ಲಿ ಪ್ರೊಡಕ್ಷನ್ ಆರ್ಡರಿಗೊಂದು ಟಿಕ್, 'ಲೀಡ್ ಟೈಮ್ ಬಿಟ್ಟು ಚೆಕ್ ಮಾಡು' ಎನ್ನುವಲ್ಲಿ ಇನ್ನೊಂದು ಟಿಕ್ ಬಿತ್ತು. ಬಾಗಲಕೋಟೆಯ ಆರ್ಡರಿಗೆ ನಿಜವಾದ ತಾರೀಖು ಬಂತು. ಆದರೆ ಪ್ರೊಡಕ್ಷನ್ ಆರ್ಡರನ್ನೇ ತೆರೆಯದೆ ಬಿದ್ದಿದ್ದ ಆರ್ಡರುಗಳ ಮುಂದೆ ಕನ್ಫರ್ಮ್ಡ್ ಕ್ವಾಂಟಿಟಿ ಸೊನ್ನೆ, ತಾರೀಖಿನ ಜಾಗ ಖಾಲಿ. ಸೇಲ್ಸ್ ಮ್ಯಾನೇಜರು ಹಣೆ ಚಚ್ಚಿಕೊಂಡರು: "ಸುಳ್ಳೋ ಪಳ್ಳೋ ಒಂದು ತಾರೀಖು ಅಂತ ಇತ್ತಲ್ಲಯ್ಯಾ, ಅದನ್ನೂ ಕಿತ್ಕೊಂಡ್ರಲ್ಲ!"

ಅವರ ಸಂಕಟವೂ ನ್ಯಾಯವೇ. ಖಾಲಿ ಜಾಗವನ್ನು ಗಿರಾಕಿಗೆ ಓದಿ ಹೇಳುವುದು ಹೇಗೆ? ಹಾಗಾಗಿ ಈಗ ಪ್ಲ್ಯಾನಿಂಗ್‌ನವರು ಆರ್ಡರ್ ಬಂದ ದಿನವೇ ಪ್ರೊಡಕ್ಷನ್ ಆರ್ಡರ್ ತೆರೆಯಬೇಕು. ಅದಕ್ಕೆ ಮುಗಿಯುವ ತಾರೀಖು ಹೇಳುವವರು ಮತ್ತೆ ಫೋರ್‌ಮನ್ನರೇ.

ನಮ್ಮ ಗಿರಾಕಿಗಳು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ವಿನಂತಿ. ಬೆಳಿಗ್ಗೆ ಹತ್ತರೊಳಗೆ ಫೋನ್ ಮಾಡಬೇಡಿ. ರಾತ್ರಿಯ ಜಾಬ್ ನಿಮ್ಮ ತಾರೀಖನ್ನು ಏನು ಮಾಡಿದೆಯೆಂದು ನಾವೂ ಇನ್ನೂ ನೋಡಿರುವುದಿಲ್ಲ.